ಚಿನ್ನ ಎಲ್ಲಿದೆ ಎಂದು ಯಾರಿಗೆಲ್ಲ ಗೊತ್ತು?

ಪ್ರೀತಿಯ ಪುಟ್ಟಿ,

ಹಬ್ಬದ ದಿನ ನೀನು ಸ್ಟೇಟಸ್‌ಗೆ ಹಾಕಿದ್ದ ವರಮಹಾಲಕ್ಷ್ಮಿಯ ಫೋಟೋ ನೋಡಿದೆ. ಕಲಶಕ್ಕೆ ಸೀರೆ ಉಡಿಸಿದ್ದು ಎಷ್ಟು ಚಂದ ಅಂತೀಯ, ಒಂದು ನೆರಿಗೆಯೂ ಅತ್ತಿತ್ತ ಆಗಿರಲಿಲ್ಲ. ಅದು ನಿನ್ನ ಕೈಕೆಲಸವಲ್ಲ, ನಿನ್ನ ಅತ್ತೆಯವರದ್ದು ಅಂತ ನನಗೆ ಗೊತ್ತು. ಉಟ್ಟ ಸೀರೆಯನ್ನೇ ನೆಟ್ಟಗೆ ಮಡಚಿಡದವಳು ನೀನು. ಇರಲಿ, ನಾನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದು ಬೇರೆ ಕಾರಣಕ್ಕೆ. ದೇವಿಯ ಕೊರಳಿಗೆ ಅಜ್ಜಿಯ ಕಾಸಿನ ಸರ, ಅದರ ಕೆಳಗೆ ನಿನ್ನ ಮದುವೆಯ ಅವಲಕ್ಕಿ ಸರ, ಸೊಂಟಕ್ಕೆ ಡಾಬು, ಮುಂದಿನ ಬೆಳ್ಳಿ ತಟ್ಟೆಯಲ್ಲಿ ಬಳೆಗಳು. ಹಿಂದೆ ಅರ್ಧ ತೆರೆದ ಬೀರು. ಅದರ ಬಾಗಿಲಲ್ಲೇ ನೇತಾಡುತ್ತಿರುವ ಕೀ ಗೊಂಚಲು! ಮರುದಿನ ಬೆಳಿಗ್ಗೆ ಇನ್ನೊಂದು ಸ್ಟೇಟಸ್: ನೀವಿಬ್ಬರೂ ಕಾರಿನಲ್ಲಿ, ಚಿಕ್ಕಮಗಳೂರಿನ ದಾರಿಯಲ್ಲಿ, ಸೋಮವಾರದವರೆಗೆ ಫೋನ್ ಮಾಡಬೇಡಿ ಅಂತ ಬೇರೆ.

ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಸಂತೋಷಕ್ಕೆ ಕಣ್ಣು ಹಾಕುವ ಅಕ್ಕ ನಾನಲ್ಲ. ಆದರೆ ನಿನ್ನ ಫೋನಿನಲ್ಲಿ ಯಾರ ಯಾರ ನಂಬರ್ ಇದೆ ಅಂತ ಒಮ್ಮೆ ನೋಡು. ಮನೆ ತೋರಿಸಿದ ಬ್ರೋಕರ್, ನೀರಿನ ಕ್ಯಾನ್ ಹಾಕುವ ಹುಡುಗ, ವಾರ್ಡ್‌ರೋಬ್ ಮಾಡಿಕೊಟ್ಟ ಬಡಗಿ, ಹಳೆ ಸೋಫಾ ಕೊಂಡವರು. ಅವರು ಕಳ್ಳರೆಂದು ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ಆದರೆ ಅವರ ಫೋನನ್ನು ಪಕ್ಕದಲ್ಲಿ ಕೂತು ಇಣುಕುವವರು ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ, ನಿನಗೂ ಗೊತ್ತಿಲ್ಲ. ಏನಿದೆ, ಎಲ್ಲಿದೆ, ಮನೆ ಎಂದು ಖಾಲಿ, ಈ ಮೂರನ್ನೂ ನೀನೇ ಒಂದೇ ದಿನದಲ್ಲಿ ಡಂಗುರ ಸಾರಿಬಿಟ್ಟೆಯಲ್ಲೇ!

ನಮ್ಮ ಹೆಣ್ಣುಮಕ್ಕಳಿಗೆ ಚಿನ್ನ ಎಂದರೆ ಬರೀ ದುಡ್ಡಲ್ಲ, ಅದು ನನಗೂ ಗೊತ್ತು. ಅದರಲ್ಲಿ ಅಮ್ಮನ ಚೀಟಿ ದುಡ್ಡಿದೆ, ಅಪ್ಪ ಮಾರಿದ ಅಡಿಕೆ ಇದೆ. ಅದಕ್ಕೇ ಬ್ಯಾಂಕಿನ ಕತ್ತಲೆಯಲ್ಲಿ ಇಡಲು ಮನಸ್ಸು ಬರುವುದಿಲ್ಲ, ಆಗಾಗ ತೆಗೆದು ನೋಡಬೇಕು, ಕೈಯಲ್ಲಿ ಹಿಡಿದು ತೂಕ ನೋಡಬೇಕು ಅನ್ನಿಸುತ್ತದೆ. ಆದರೆ ಮನೆಯಲ್ಲಿ ಅಷ್ಟೂ ಒಡವೆ ಇಟ್ಟುಕೊಂಡು ಮಲಗಿದ ರಾತ್ರಿಯ ಸದ್ದುಗಳೇ ಬೇರೆ. ಹಿತ್ತಲಲ್ಲಿ ಬೆಕ್ಕು ಹಾರಿದರೂ ಎದೆ ಧಸಕ್ಕೆನ್ನುತ್ತದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ಮುಟ್ಟಿದಾಗ ಇಲ್ಲಿ ಎಲ್ಲರೂ ಖುಷಿಪಟ್ಟರು, ನಮ್ಮ ಚಿಕ್ಕಮ್ಮನೊಬ್ಬಳು ಮಾತ್ರ "ಇನ್ನು ಕಿವಿಯೋಲೆ ಹಾಕಿಕೊಂಡು ವಾಕಿಂಗ್ ಹೋಗೋದು ಹೇಗೆ" ಅಂತ ಕೂತಳು. ಅವಳ ಭಯ ಸುಳ್ಳಲ್ಲ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಹೆಚ್ಚು ತೂಕದ ಲೋಹ. ಇಡೀ ಒಂದು ಕೆಜಿ ಕರಗಿಸಿದರೂ ಒಂದು ಸಣ್ಣ ಕಾಫಿ ಲೋಟ ತುಂಬುವುದಿಲ್ಲ. ಒಂದು ಮನೆಯ ಆಯುಷ್ಯದ ಗಳಿಕೆ ಪ್ಯಾಂಟಿನ ಜೇಬಿನಲ್ಲಿ ಹೋಗುತ್ತದೆ. ಟೀವಿ, ಫ್ರಿಜ್ ಬಿಟ್ಟು ಕಳ್ಳ ನೇರ ಬೀರುವಿಗೆ ನಡೆಯುವುದು ಅದಕ್ಕೇ.

ಅವನು ನಡೆಯುವುದು ಬೀರುವಿಗೇ, ಪುಟ್ಟಿ. ಆಮೇಲೆ ಹಾಸಿಗೆ ಕೆಳಗೆ, ಸೀರೆಗಳ ಮಡಿಕೆಯೊಳಗೆ, ದೇವರ ಮನೆಯ ಪೀಠದ ಹಿಂದೆ, ಅಕ್ಕಿ ಡ್ರಮ್ಮಿನ ತಳದಲ್ಲಿ. ನಾವು ಹೊಳೆಯಿತಲ್ಲ ಅಂತ ಬೀಗುವ ಜಾಗಗಳೆಲ್ಲ ಅವನಿಗೆ ಬಾಯಿಪಾಠ. ಬೀರು ಕೀ ಬೀರುವಿನ ನೆತ್ತಿಯ ಮೇಲೆ, ಮನೆ ಕೀ ಹೂಕುಂಡದ ಕೆಳಗೆ, ಶೂ ರ‍್ಯಾಕ್‌ನಲ್ಲಿ, ಮೀಟರ್ ಬಾಕ್ಸಿನಲ್ಲಿ. ಇದಂತೂ ಬೀದಿಯ ಮಕ್ಕಳಿಗೂ ಗೊತ್ತು. ಅರ್ದೇಶಿರ್ ಗೋದ್ರೆಜ್ ಬೊಂಬಾಯಿಯಲ್ಲಿ 1897ರಲ್ಲಿ ಬೀಗ ಮಾಡಲು ಶುರು ಮಾಡಿದವರು, ಆಮೇಲೆ ತಿಜೋರಿಗೆ ಕೈ ಹಾಕಿದರು, ಉಕ್ಕಿನ ಬೀರು ಬಂದದ್ದು ಅದೂ ಆದಮೇಲೆ. ಅಂದರೆ ತಿಜೋರಿಯೂ ಬೀರುವೂ ಎರಡು ಬೇರೆ ಬೇರೆ ಸಾಮಾನು ಅನ್ನುವುದು ಮಾಡಿದವರಿಗೆ ಮೊದಲಿನಿಂದ ಗೊತ್ತಿತ್ತು. ನಾವು ಮಾತ್ರ ಎರಡನ್ನೂ ಒಂದು ಮಾಡಿಕೊಂಡೆವು. ಯಾವ ಕಂಪನಿಯದ್ದೇ ಆಗಲಿ, ಬೀರು ಇರುವುದು ಬಟ್ಟೆಗೆ. ಅದರ ತಗಡಿಗೆ ಒಂದು ಕಬ್ಬಿಣದ ಹಾರೆ ಸಾಕು.

ಹಾಗಾದರೆ ತಿಜೋರಿ ತರುತ್ತೇನೆ ಅಂತೀಯೇನು? ತಾ. ಆದರೆ ಆನ್‌ಲೈನ್‌ನಲ್ಲಿ ಸಿಗುವ, ಒಂದು ಕೈಯಲ್ಲಿ ಎತ್ತಬಹುದಾದ ನಂಬರ್ ಒತ್ತುವ ಡಬ್ಬಿ ತಂದು ಕಪಾಟಿನಲ್ಲಿ ಇಟ್ಟೆಯೋ, ಕಳ್ಳನಿಗೆ ನೀನೇ ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಕೊಟ್ಟ ಹಾಗೆ. ಅವನು ಅಲ್ಲೇ ಒಡೆಯುತ್ತಾ ಕೂರುವುದಿಲ್ಲ, ಹೊತ್ತುಕೊಂಡು ಹೋಗಿ ನಿಧಾನವಾಗಿ ಒಡೆಯುತ್ತಾನೆ. ತಿಜೋರಿಯ ಬಲ ಅದರ ಬಾಗಿಲಲ್ಲಿ ಇರುವಷ್ಟೇ ಅದರ ತಳದಲ್ಲೂ ಇರುತ್ತದೆ. ಒಳಗಿನಿಂದ ಆಂಕರ್ ಬೋಲ್ಟ್ ಹಾಕಿ ಕಾಂಕ್ರೀಟಿನ ನೆಲಕ್ಕೋ ಗಟ್ಟಿ ಗೋಡೆಗೋ ಬಿಗಿಯಬೇಕು, ಸುತ್ತ ಹಾರೆ ಆಡಿಸಲು ಜಾಗ ಇಲ್ಲದ ಮೂಲೆಯಾದರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆಯಲ್ಲವೇ, ಓನರ್ ಹತ್ತಿರ ಮೊದಲೇ ಮಾತಾಡು. ಕಂಪನಿಯಿಂದ ಬಂದ ನಂಬರನ್ನು ಅಂದೇ ಬದಲಿಸು, ಮದುವೆಯ ತಾರೀಖನ್ನು ಮಾತ್ರ ಹಾಕಬೇಡ, ಅದು ನಿಮ್ಮ ಫೇಸ್‌ಬುಕ್‌ನಲ್ಲಿದೆ. ತುರ್ತು ಕೀಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲು ಮುಚ್ಚಿದವರಿದ್ದಾರೆ. ಸೆಲ್ ಮುಗಿದ ದಿನ ಅವರ ಮುಖ ನೋಡಬೇಕು! ಇನ್ನೊಂದು ಮಾತು: ಕಳ್ಳನನ್ನು ತಡೆಯುವ ತಿಜೋರಿ ಬೆಂಕಿಯನ್ನೂ ತಡೆಯುತ್ತದೆ ಅಂತ ತಿಳಿಯಬೇಡ, ಅವು ಎರಡು ಬೇರೆ ಗುಣ. ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಬೆಳ್ಳಿ 962ರಲ್ಲಿ. ಕರಗಿದರೂ ಬೂದಿಯಲ್ಲಿ ಹುಡುಕಿದರೆ ಲೋಹ ಸಿಗುತ್ತದೆ, ಪಕ್ಕದಲ್ಲಿಟ್ಟ ರಸೀದಿಗಳು ಸಿಗುವುದಿಲ್ಲ. ಆದ್ದರಿಂದ ಕಾಗದದ ನಕಲು ಬೇರೆ ಕಡೆ ಇರಲಿ.

ಬೆಳ್ಳಿಯ ಕಥೆ ಬೇರೆ. ಅದು ಜಾಗ ತಿನ್ನುತ್ತದೆ, ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಆಗುವ ಕಪ್ಪು ಅದು. ನಿಮ್ಮ ಅತ್ತೆಯವರು ದೀಪಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಪೇಪರಿನಲ್ಲಿ ಸುತ್ತಿದ್ದನ್ನು ಕಂಡೆ. ಅವರಿಗೆ ನಯವಾಗಿ ಹೇಳು, ಅವೆರಡೂ ಬೆಳ್ಳಿಯನ್ನು ಬೇಗ ಕೆಡಿಸುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಕವರಿಗೆ ಹಾಕಿ, ತೇವ ಹೀರಲು ಒಂದು ಸೀಮೆಸುಣ್ಣದ ತುಂಡು ಇಟ್ಟರೆ ಮುಂದಿನ ಹಬ್ಬಕ್ಕೆ ವಿಭೂತಿಯಲ್ಲಿ ತಿಕ್ಕುವ ಶ್ರಮ ಅರ್ಧ ಉಳಿಯುತ್ತದೆ.

ನನ್ನನ್ನು ಕೇಳಿದರೆ, ನೀನು ದಿನಾ ಹಾಕಿಕೊಳ್ಳುವ ಕರಿಮಣಿ, ಓಲೆ, ಎರಡು ಬಳೆ, ಒಂದು ತೆಳ್ಳನೆಯ ಸರ ಇಷ್ಟು ಮನೆಯಲ್ಲಿರಲಿ. ಕಾಸಿನ ಸರ, ಡಾಬು, ವಂಕಿ ಎಲ್ಲ ಬ್ಯಾಂಕ್ ಲಾಕರಿಗೆ. ಮುಂದಿನ ವರ್ಷ ದೇವಿಗೆ ಒಂದು ಗ್ರಾಂ ಗೋಲ್ಡ್ ಸೆಟ್ ಹಾಕು. ಅವಳೇನು ಉಜ್ಜಿ ನೋಡುವುದಿಲ್ಲ, ನೋಡುವವರು ಬಾಗಿನಕ್ಕೆ ಬರುವ ಆಂಟಿಯರು. ಹಾಗಂತ ಲಾಕರಿಗೆ ಇಟ್ಟು ಮರೆತುಬಿಡುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2022ರ ಜನವರಿ 1ರಿಂದ ಬದಲಾಗಿದೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಬ್ಯಾಂಕಿನವರದೇ ಮೋಸ, ಇವುಗಳಿಂದ ಒಡವೆ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಕೇಳಲು ದೊಡ್ಡದು. ಆದರೆ ಬಾಡಿಗೆ 3,000 ರೂಪಾಯಿ ಅಂತಿಟ್ಟುಕೋ, 100 ಪಟ್ಟು ಎಂದರೆ 3 ಲಕ್ಷ. 10 ಗ್ರಾಂಗೆ ಒಂದು ಲಕ್ಷ ಅಂದರೂ 30 ಗ್ರಾಂ. ನಿನ್ನ ಡಾಬಿನ ಕೊಂಡಿಗೂ ಸಾಲದು! ನೆರೆ, ಭೂಕಂಪ, ಸಿಡಿಲಿಗೆ ಅದೂ ಇಲ್ಲ. ಏಳು ವರ್ಷ ಲಾಕರ್ ತೆರೆಯದೇ ಇದ್ದರೆ ಬಾಡಿಗೆ ಕಟ್ಟುತ್ತಿದ್ದರೂ ಬ್ಯಾಂಕಿನವರು ಅದನ್ನು ತೆರೆಯುವ ದಾರಿ ಹಿಡಿಯಬಹುದು. ಲಾಕರ್ ತೆರೆದ ದಿನವೇ ನಿನ್ನ ಫೋನಿಗೆ ಮೆಸೇಜ್ ಬರಬೇಕು, ಆದ್ದರಿಂದ ನಂಬರ್ ಬದಲಾದರೆ ತಿಳಿಸು. ನಾಮಿನಿ ಹೆಸರು ಬರೆಸು. ಮನೆಯ ವಿಮೆ ಮಾಡಿಸಿದರೂ ಒಡವೆಯನ್ನು ಬೇರೆಯಾಗಿ ಬೆಲೆ ಕಟ್ಟಿ ಸೇರಿಸಿದ್ದಾರೋ ಅಂತ ಓದಿ ನೋಡು.

ಬ್ಯಾಂಕೇ ಒಡೆದರೆ ಅಂತ ನೀನು ಕೇಳುತ್ತೀಯ. ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಆಯಿತಲ್ಲ, 2024ರ ಅಕ್ಟೋಬರ್‌ನಲ್ಲಿ. ಜನ ಅಡವಿಟ್ಟಿದ್ದ 17 ಕೆಜಿಗೂ ಹೆಚ್ಚು ಚಿನ್ನ ಹೋಯಿತು. ಕಿಟಕಿಯಿಂದ ಒಳಗೆ ಬಂದವರು ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದು, ಪೊಲೀಸ್ ನಾಯಿಗೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಅನ್ನೂ ಕಿತ್ತುಕೊಂಡು ಹೋದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ 2025ರ ಮಾರ್ಚ್ ಹೊತ್ತಿಗೆ ಹಿಡಿದರು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮಧುರೆ ಕಡೆಯ ಒಂದು ಬಾವಿಯೊಳಗೆ. ಇಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ ಎಲ್ಲ ಕಡೆ ಅದೇ ಮಾತು. ನನಗೆ ಅದರಲ್ಲಿ ಮನಸ್ಸಿಗೆ ಹತ್ತಿದ್ದು ಆ ಡಿವಿಆರ್. ನಿನ್ನ ಯಜಮಾನರು ಹಾಲ್‌ನಲ್ಲಿ ಹೆಮ್ಮೆಯಿಂದ ತೋರಿಸಿದರಲ್ಲ, ನಾಲ್ಕು ಕ್ಯಾಮೆರಾದ ಡಬ್ಬಿ, ಟೀವಿ ಕೆಳಗೆ ಮಿಣಿಮಿಣಿ ದೀಪ ಹಾಕಿಕೊಂಡು ಕೂತಿರುವುದು? ಅದನ್ನು ಹೊತ್ತೊಯ್ದರೆ ಸಾಕ್ಷಿಯೂ ಹೋಯಿತು. ಡಬ್ಬಿಯನ್ನು ಕಾಣದ ಜಾಗಕ್ಕೆ ಸೇರಿಸಲಿ, ಚಿತ್ರಗಳು ಫೋನಿಗೋ ಕ್ಲೌಡಿಗೋ ಹೋಗುವ ಹಾಗೆ ಮಾಡಲಿ.

ಇನ್ನು ಊರಿಗೆ ಹೋಗುವಾಗ. ಖಾಲಿ ಮನೆ ಬೀದಿಗೆ ಹೇಗೆ ಕಾಣುತ್ತದೆ ಅಂತ ಒಂದು ಸಲ ಗೇಟಿನ ಆಚೆ ನಿಂತು ನೋಡು. ಗೇಟಿಗೆ ಹೊರಗಿನಿಂದ ದೊಡ್ಡ ಬೀಗ, ಮೆಟ್ಟಿಲ ಮೇಲೆ ಎರಡು ದಿನದ ಪೇಪರ್, ಹಾಲಿನ ಪ್ಯಾಕೆಟ್, ಹಾಡಹಗಲೇ ಉರಿಯುತ್ತಿರುವ ವರಾಂಡದ ಬಲ್ಬು. ಎಲ್ಲಕ್ಕಿಂತ ಮುಖ್ಯ, ಬಾಗಿಲ ಮುಂದೆ ರಂಗೋಲಿ ಇಲ್ಲ. ಅಕ್ಕಪಕ್ಕದ ಎಲ್ಲ ಮನೆ ಮುಂದೆ ನೀರು ಹಾಕಿ ಎಳೆದಿದ್ದಾರೆ, ನಿನ್ನದೊಂದು ಬೋಳು. ಹಗಲು ಹೊತ್ತು ಬೆಡ್‌ಶೀಟ್ ಮಾರುವವರ ಹಾಗೆ ಸುತ್ತಿ ಹೋಗುವವನಿಗೆ ಇನ್ನೇನು ಬೇಕು? ಹಾಲು, ಪೇಪರ್ ನಿಲ್ಲಿಸು. ಪಕ್ಕದ ಮನೆಯ ಅಕ್ಕನಿಗೆ ಹೇಳಿ ನಾಲ್ಕು ಎಳೆ ರಂಗೋಲಿ ಹಾಕಿಸು, ಬರುವಾಗ ಅವರಿಗೊಂದು ಕಾಫಿಪುಡಿ ಪೊಟ್ಟಣ ತಾ. ಸಂಜೆ ಹತ್ತಿ ರಾತ್ರಿ ಆರುವ ಟೈಮರ್ ಪ್ಲಗ್ ಸಿಗುತ್ತದೆ, ಒಳಗಿನ ಕೋಣೆಯ ದೀಪಕ್ಕೆ ಹಾಕು. ಬಾಗಿಲಿಗೆ ಒಳಗೇ ಕೂರುವ ಲಾಕ್ ಹಾಕಿಸು, ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲ ಅಂತ ದೂರದಿಂದಲೇ ಹೇಳುತ್ತದೆ. ಹಿತ್ತಲ ಬಾಗಿಲನ್ನು ಮರೆಯಬೇಡ. ಮುಂಬಾಗಿಲಿಗೆ ತೇಗ, ಹಿಂಬಾಗಿಲಿಗೆ ಪ್ಲೈವುಡ್, ಇದು ನಮ್ಮ ಎಲ್ಲರ ಮನೆಯ ಹಾಡು. ಹೆಚ್ಚು ದಿನ ಹೋಗುವುದಾದರೆ ಠಾಣೆಗೆ ತಿಳಿಸು, ಬೀಟ್ ಪೊಲೀಸರು ಆ ಕಡೆ ಒಂದು ಸುತ್ತು ಹಾಕುತ್ತಾರೆ. ಫೋಟೋಗಳನ್ನು ವಾಪಸ್ ಬಂದಮೇಲೆ ಹಾಕಿದರೂ ಚಿಕ್ಕಮಗಳೂರು ಅಷ್ಟೇ ಹಸಿರಾಗಿ ಕಾಣುತ್ತದೆ.

ಎಲ್ಲ ಕಳ್ಳರೂ ರಾತ್ರಿಯೇ ಬರುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ರಿಟೈರ್ಡ್ ಟೀಚರ್ ಗೊತ್ತಲ್ಲ, ನಿನಗೆ ಮಗ್ಗಿ ಕಲಿಸಿದವರು. ಮಧ್ಯಾಹ್ನ ಇಬ್ಬರು ಹುಡುಗರು ಬಂದರಂತೆ, ಪುಡಿ ಮಾರುವವರು. ಮೊದಲು ಹಿತ್ತಾಳೆ ದೀಪವನ್ನು ಪುಕ್ಕಟೆ ತಿಕ್ಕಿ ತೋರಿಸಿದರು, ಕನ್ನಡಿಯಾಯಿತು. ಆಮೇಲೆ ಬೆಳ್ಳಿ ಕಾಲ್ಗೆಜ್ಜೆ. ಮೂರನೆಯದಕ್ಕೆ "ಅಮ್ಮಾ, ಸರ ಕೊಡಿ" ಅಂದರು. ಒಂದು ಬಟ್ಟಲಲ್ಲಿ ಏನೋ ದ್ರಾವಣಕ್ಕೆ ಸರ ಅದ್ದಿ ತೆಗೆದು, ಅರಿಶಿನದ ನೀರಿನ ಕುಕ್ಕರಿಗೆ ಹಾಕಿ, "ಅರ್ಧ ಗಂಟೆ ಬಿಟ್ಟು ತೆಗೀರಿ, ಬಣ್ಣ ಕೂರಬೇಕು" ಅಂತ ಹೇಳಿ ಹೊರಟರು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದರೆ ಚಿನ್ನವೂ ಕರಗುತ್ತದೆ, ಪುಟ್ಟಿ. ಕುಕ್ಕರಿನಿಂದ ತೆಗೆದ ಸರ ನೋಡಲು ಸರವೇ, ತೂಕ ಮಾತ್ರ ಇರಲಿಲ್ಲ. ಅದು ಆ ಬಟ್ಟಲಿನ ಜೊತೆ ಬೀದಿ ದಾಟಿತ್ತು. ಟೀಚರ್ ಹೊರಗೆ ಬರುವುದನ್ನೇ ಬಿಟ್ಟರು. ಸರಕ್ಕಿಂತ ನಾಚಿಕೆಯೇ ಅವರನ್ನು ಹೆಚ್ಚು ತಿಂದಿತು. ನಾನು ಹೋಗಿ ಕೂತು, ಇದು ನಿಮ್ಮೊಬ್ಬರಿಗೆ ಆದದ್ದಲ್ಲ ಟೀಚರ್, ಊರೂರಲ್ಲಿ ಆಗಿದೆ ಅಂದಮೇಲೆ ಸ್ವಲ್ಪ ಅತ್ತು ಹಗುರಾದರು. ಪಾಲಿಶ್ ಅಂತ ಬಂದವರಿಗೆ ಗೇಟೇ ತೆಗೆಯಬೇಡ.

ಕಾಗದದ ವಿಷಯ ಹೇಳಿದೆನಲ್ಲ, ಒಂದು ಭಾನುವಾರ ಅದಕ್ಕೆ ಕೊಡು. ಒಂದೊಂದೇ ಒಡವೆಯನ್ನು ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆ, ತೂಕ ಬರೆ. ಹೊಸ ಒಡವೆಯಲ್ಲಿ ಮಸೂರ ಹಿಡಿದರೆ ಮೂರು ಗುರುತು ಕಾಣುತ್ತವೆ: ಬಿಐಎಸ್ ಚಿಹ್ನೆ, 22ಕೆ916 ಅಂತ ಶುದ್ಧತೆ, ಆಮೇಲೆ ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ಗೆ ಅದನ್ನು ಹಾಕಿದರೆ ವಿವರ ಬರುತ್ತದೆ. ಅಜ್ಜಿಯ ಕಾಲದ್ದಕ್ಕೆ ಅದೆಲ್ಲ ಇಲ್ಲ, ಫೋಟೋವೇ ಗತಿ. ಕಳವಾಗಿ ಸಿಕ್ಕಿದ ಒಡವೆ ನಿನ್ನದೇ ಅಂತ ತೋರಿಸಲು ಇವೇ ಬೇಕು. ಸಿಕ್ಕ ವಸ್ತುವನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳದೆ, ಫೋಟೋ ತೆಗೆದು ಪಂಚನಾಮೆ ಮಾಡಿ ಒಡೆಯರಿಗೆ ಕೊಡಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕರಗಿಸಿ ಗಟ್ಟಿ ಮಾಡಿಬಿಟ್ಟಿದ್ದರೆ ಮಾತ್ರ ಯಾವ ಗುರುತೂ ಉಳಿಯುವುದಿಲ್ಲ. ಆದಾಯ ತೆರಿಗೆಯವರ ಬಗ್ಗೆ ನಿನ್ನ ಮಾವನವರು ಹೆದರಿಸಿದರಂತೆ. ತೆರಿಗೆ ಶೋಧ ನಡೆದಾಗ ಮದುವೆಯಾದ ಹೆಂಗಸಿಗೆ 500 ಗ್ರಾಂ, ಆಗದವಳಿಗೆ 250, ಗಂಡಸಿಗೆ 100 ಗ್ರಾಂ ಒಡವೆಯನ್ನು ವಶಪಡಿಸಿಕೊಳ್ಳಬೇಡಿ ಅಂತ 1994ರ ಸೂಚನೆಯಿದೆ. ಅದಕ್ಕಿಂತ ಹೆಚ್ಚು ಇರಲೇಬಾರದು ಅಂತ ಅದರ ಅರ್ಥವಲ್ಲ, ಲೆಕ್ಕ ಇರಬೇಕು ಅಷ್ಟೇ.

ಇಷ್ಟೆಲ್ಲ ಗುಟ್ಟು ಮಾಡು ಅಂದವಳು ಈಗ ಉಲ್ಟಾ ಹೇಳುತ್ತೇನೆ. ಒಬ್ಬರಿಗಾದರೂ ಹೇಳಿಡು. ನಮ್ಮ ಅಜ್ಜಿ ಆ ಕಾಸಿನ ಸರವನ್ನು ಹುಣಸೆಹಣ್ಣಿನ ಮಡಕೆಯಲ್ಲಿ ಹೂತಿಟ್ಟಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತಿತು. ಕೈ ಎತ್ತಿ ಅಡುಗೆಮನೆ ಕಡೆ ತೋರಿಸುತ್ತಿದ್ದರು, ನಾವು ಹಸಿವಿರಬೇಕು ಅಂತ ಗಂಜಿ ಕುಡಿಸುತ್ತಿದ್ದೆವು. ಸರ ಕಾಣದಿದ್ದಾಗ ಮನೆಯವರ ಕಣ್ಣು ಹೋದದ್ದು ಕೆಲಸದ ಗೌರಕ್ಕನ ಮೇಲೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ತಿಳಿಯದೇ ಇರುತ್ತದೆಯೇ? ಸಾರಿಗೆ ಹುಣಸೆ ತೆಗೆಯಲು ಹೋಗಿ ಸರ ಕೈಗೆ ಸಿಕ್ಕಿದಾಗ ಅದನ್ನು ಸೆರಗಲ್ಲಿ ಹಿಡಿದು ತಂದು ಅಜ್ಜಿಯ ಎದೆ ಮೇಲೆ ಇಟ್ಟವಳು ಅವಳೇ. ಹುಳಿಯಲ್ಲಿದ್ದು ಸರ ಆಗಷ್ಟೇ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ಅಜ್ಜಿ ಅತ್ತರು, ಗೌರಕ್ಕನೂ ಅತ್ತಳು. ಆದ್ದರಿಂದ ನಿನ್ನ ಮನೆಗೆ ಬರುವ ಕೆಲಸದವರ ಮುಂದೆ ತಿಜೋರಿ ತೆರೆಯಬೇಡ, ಹಾಗೆಯೇ ಏನಾದರೂ ಕಾಣದಿದ್ದರೆ ಮೊದಲು ಅವರ ಮುಖ ನೋಡಬೇಡ.

ನೆಲ ಅಗೆದಾಗ ಸಿಗುವ ನಿಧಿ ಅಂತೀವಲ್ಲ, ಅದರಲ್ಲಿ ಎಷ್ಟೋ ಹೀಗೆ ಯಾರಿಗೂ ಹೇಳದೆ ಕಣ್ಣು ಮುಚ್ಚಿದವರ ಮಡಕೆಗಳೇ ಇರಬೇಕು. ಅಂಥದ್ದು ಸಿಕ್ಕರೆ ಏನು ಮಾಡಬೇಕು ಅಂತ ನಮ್ಮ ರಾಜ್ಯಕ್ಕೆ 1962ರದ್ದೊಂದು ಕಾನೂನೇ ಇದೆ. ಬಚ್ಚಿಟ್ಟವರ ಮಕ್ಕಳಿಗೆ ಮಾತ್ರ ಏನೂ ಸಿಗಲಿಲ್ಲ. ನಿನ್ನ ಒಡವೆ ಪಟ್ಟಿಯ ಒಂದು ನಕಲು ನಿನ್ನ ಯಜಮಾನರ ಹತ್ತಿರ ಇರಲಿ, ಇನ್ನೊಂದು ಅಮ್ಮನ ಹತ್ತಿರ ಇರಲಿ. ಕೀ ಮತ್ತು ಲಾಕರಿನ ಸಹಿ ಮಾತ್ರ ನಿನ್ನ ಕೈಯಲ್ಲೇ ಇರಲಿ. "ನನ್ನ ಬೀರುವಿನಲ್ಲೇ ಇಡಮ್ಮ" ಅಂತ ಯಾರಾದರೂ ಪ್ರೀತಿಯಿಂದ ಕೇಳಿದರೂ, ತವರಿನಿಂದ ಬಂದದ್ದು ಸ್ತ್ರೀಧನ, ಕಾನೂನಿನಲ್ಲಿ ಅದರ ಪೂರ್ತಿ ಒಡತಿ ನೀನು. ಜಗಳವಾಡಿ ಹೇಳಬೇಡ, ನಗುತ್ತಾ ಹೇಳು. ನಿನಗೆ ಬರುತ್ತದೆ.

ಕೊನೆಯದಾಗಿ, ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯುತ್ತೇನೆ. ಊರಿಂದ ಬಂದಾಗ ಬಾಗಿಲು ಮುರಿದಿದ್ದರೆ ಒಳಗೆ ನುಗ್ಗಬೇಡ, ಯಾರಾದರೂ ಇನ್ನೂ ಒಳಗಿರಬಹುದು. ಏನನ್ನೂ ಮುಟ್ಟದೆ ಹೊರಗೆ ನಿಂತು 112ಕ್ಕೆ ಫೋನ್ ಮಾಡು. ದೂರು ಕೊಟ್ಟಮೇಲೆ ಎಫ್‌ಐಆರ್ ಪ್ರತಿ ಕೇಳಿ ತೆಗೆದುಕೋ, ಅದಕ್ಕೆ ದುಡ್ಡಿಲ್ಲ. ದೇವರು ಹಾಗೆ ಮಾಡದಿರಲಿ, ಒಂದು ವೇಳೆ ಅವರು ನಿನ್ನೆದುರೇ ನಿಂತರೆ, ಕೇಳಿದ್ದನ್ನೆಲ್ಲ ಬಿಚ್ಚಿ ಕೊಟ್ಟುಬಿಡು. ಮಾಂಗಲ್ಯವೇ ಆದರೂ ಸರಿ, ಎಳೆದಾಡಬೇಡ. ಅಕ್ಕಸಾಲಿಗ ಇನ್ನೊಂದು ಮಾಡಿಕೊಡುತ್ತಾನೆ. ನಿನ್ನನ್ನು ಮಾಡಿಕೊಡುವವರು ಯಾರೂ ಇಲ್ಲ.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಮಳೆ ನಿಂತಮೇಲೆ ಸ್ವಲ್ಪ ಕಡಿಮೆ. ದೀಪಾವಳಿಗೆ ಇಬ್ಬರೂ ಬನ್ನಿ, ಕಜ್ಜಾಯಕ್ಕೆ ಅಕ್ಕಿ ನೆನೆಸುವುದು ನೀವು ಬಂದಮೇಲೆಯೇ. ಉತ್ತರ ಬರಿ, ಉದ್ದಕ್ಕೆ ಬರಿ. ಒಡವೆ ಎಲ್ಲಿಟ್ಟೆ ಅಂತ ಮಾತ್ರ ನನಗೆ ಬರೆಯಬೇಡ. ನಾನು ಓದಿದ ಪತ್ರವನ್ನು ಫ್ರಿಜ್ ಮೇಲಿಟ್ಟು ಮರೆಯುವವಳು, ಇದು ನಿನಗೂ ಗೊತ್ತು, ನಮ್ಮ ಮನೆಗೆ ಬಂದುಹೋಗುವ ಎಲ್ಲರಿಗೂ ಗೊತ್ತು.

ನಿನ್ನ ಯಜಮಾನರಿಗೂ ಅತ್ತೆ ಮಾವನವರಿಗೂ ನನ್ನ ನಮಸ್ಕಾರ ತಿಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ
ಶಿವಮೊಗ್ಗ